ಪಾಸ್‌ವರ್ಡ್ ಬದಲಿಸಿದರೆ ಸಾಕೇ?

‘ಅಕೌಂಟ್ ಹ್ಯಾಕ್ ಆಗಿತ್ತು ಮಾರಾಯ, ಪಾಸ್‌ವರ್ಡ್ ಚೇಂಜ್ ಮಾಡ್ದೆ, ಈಗ ಎಲ್ಲ ಸರಿ ಇದೆ.’

ಕಾಲೇಜಿನ ಕ್ಯಾಂಟೀನಿನಲ್ಲೋ ಹಾಸ್ಟೆಲ್ ಮೆಟ್ಟಿಲ ಮೇಲೋ ಈ ಮಾತು ಆಗಾಗ ಕಿವಿಗೆ ಬೀಳುತ್ತಲೇ ಇರುತ್ತದೆ. ಹೇಳುವವರಿಗೆ ನಿರಾಳ, ಕೇಳಿದವರೂ ‘ಹೌದಾ’ ಎಂದು ಮುಂದಿನ ವಿಷಯಕ್ಕೆ ಹೋಗುತ್ತಾರೆ. ಬಿಇ ಓದುತ್ತಿರುವ ನನಗೆ ಹ್ಯಾಕ್ ಆದ ಸುದ್ದಿಗಿಂತ ಈ ನಿರಾಳವೇ ಹೆಚ್ಚು ಆತಂಕ ಹುಟ್ಟಿಸುತ್ತದೆ. ಕಳ್ಳ ಒಳಗೆ ಬಂದು ಹೋದ ಮೇಲೆ ಮುಂಬಾಗಿಲಿನ ಬೀಗವನ್ನಷ್ಟೇ ಬದಲಿಸಿದರೆ ಏನು ಪ್ರಯೋಜನ? ಹಿತ್ತಲ ಬಾಗಿಲ ಚಿಲಕ ತೆಗೆದಿಟ್ಟು ಹೋಗಿದ್ದಾನೆಯೇ ಎಂದೂ ನೋಡಬೇಕಲ್ಲ?

ನಮ್ಮ ಹಾಸ್ಟೆಲಿನ ಸೀನಿಯರ್ ಒಬ್ಬರಿಗೆ ಆದದ್ದು ಇದೇ. ಮೇಲ್ ಖಾತೆಗೆ ಯಾರೋ ನುಗ್ಗಿದ್ದು ಗೊತ್ತಾದ ರಾತ್ರಿಯೇ ಅವರು ಪಾಸ್‌ವರ್ಡ್ ಬದಲಿಸಿದ್ದರು. ಕೆಲವು ವಾರಗಳ ನಂತರ ಕ್ಯಾಂಪಸ್ ಆಯ್ಕೆಯ ಆನ್‌ಲೈನ್ ಪರೀಕ್ಷೆಯ ಲಿಂಕ್ ಜೊತೆಗಾರರಿಗೆಲ್ಲ ಬಂತು, ಇವರಿಗೆ ಬರಲಿಲ್ಲ. ಸ್ಪ್ಯಾಮ್‌ನಲ್ಲೂ ಇರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಸೆಟ್ಟಿಂಗ್ಸ್ ತೆರೆದು ನೋಡಿದರೆ, ‘ವೆರಿಫೈ’ ಎಂಬ ಪದವಿರುವ ಮೇಲ್‌ಗಳೆಲ್ಲ ನೇರವಾಗಿ ಕಸದ ಬುಟ್ಟಿಗೆ ಹೋಗುವಂತೆ ಒಂದು ಫಿಲ್ಟರ್ ಇತ್ತು. ತನ್ನ ಕೈಚಳಕದ ಬಗ್ಗೆ ಬರುವ ಎಚ್ಚರಿಕೆಗಳು ಕಾಣಬಾರದೆಂದು ಕಳ್ಳ ಹಾಕಿದ್ದ ಬಲೆಗೆ ಪರೀಕ್ಷೆಯ ಮೇಲ್ ಕೂಡ ಬಿದ್ದಿತ್ತು. ಆ ಅವಕಾಶ ಮತ್ತೆ ಸಿಗಲಿಲ್ಲ.

‘ನನ್ನ ಅಕೌಂಟ್‌ನಲ್ಲಿ ಕದಿಯಲು ಏನಿದೆ?’ ಎನ್ನುವವರಿದ್ದಾರೆ. ಸ್ಕಾಲರ್‌ಶಿಪ್ ಅರ್ಜಿ, ಹಾಲ್ ಟಿಕೆಟ್, ಸಂದರ್ಶನದ ಕರೆ, ಆಫರ್ ಲೆಟರ್ ಎಲ್ಲವೂ ಬರುವುದು ಒಂದೇ ಮೇಲ್‌ಗೆ. ಬೇರೆ ಎಲ್ಲ ಖಾತೆಗಳ ‘ಪಾಸ್‌ವರ್ಡ್ ಮರೆತಿರಾ?’ ಲಿಂಕ್ ಬಂದು ಬೀಳುವುದೂ ಅಲ್ಲಿಗೇ. ಇನ್ನು ವಾಟ್ಸ್‌ಆ್ಯಪ್ ಕಳ್ಳನಿಗೆ ಬೇಕಿರುವುದು ನಮ್ಮ ಫೋಟೊಗಳಲ್ಲ, ನಮ್ಮ ಹೆಸರು. ‘ಅತ್ತೆ, ಅರ್ಜೆಂಟಾಗಿ ಐದು ಸಾವಿರ ಹಾಕಿ’ ಎಂದು ನಮ್ಮ ನಂಬರಿನಿಂದಲೇ ಸಂದೇಶ ಹೋದರೆ ಊರಿನ ಅತ್ತೆ ಎರಡು ಸಲ ಯೋಚಿಸುವುದಿಲ್ಲ.

ಹಾಗಾದರೆ ಖಾತೆ ಕೈತಪ್ಪಿದಾಗ ಮಾಡಬೇಕಾದ್ದೇನು? ಗೂಗಲ್ ಖಾತೆಯಾದರೆ ಅದರದೇ ರಿಕವರಿ ಪುಟಕ್ಕೆ ಹೋಗಬೇಕು. ಸೈಬರ್ ಸೆಂಟರ್‌ಗೆ ಓಡುವ ಬದಲು, ದಿನಾ ಬಳಸುವ ಫೋನ್ ಅಥವಾ ಲ್ಯಾಪ್‌ಟಾಪ್‌ನಿಂದ, ದಿನಾ ಇರುವ ಜಾಗದಿಂದಲೇ ಪ್ರಯತ್ನಿಸಬೇಕು. ಪರಿಚಿತ ಸಾಧನ ಮತ್ತು ಸ್ಥಳವನ್ನು ಗೂಗಲ್ ಗುರುತಿಸುತ್ತದೆ. ರಿಕವರಿ ನಂಬರನ್ನೇ ಕಳ್ಳ ಬದಲಿಸಿದ್ದರೂ 7 ದಿನಗಳವರೆಗೆ ಹಳೆಯ ನಂಬರಿಗೆ ಕೋಡ್ ತರಿಸಿಕೊಳ್ಳುವ ಅವಕಾಶ ಸಿಗಬಹುದು. ಆದ್ದರಿಂದ ತಡ ಮಾಡುವಂತಿಲ್ಲ. ವಾಟ್ಸ್‌ಆ್ಯಪ್ ಆದರೆ ನಮ್ಮ ನಂಬರ್ ಹಾಕಿ, ಎಸ್‌ಎಂಎಸ್‌ನಲ್ಲಿ ಬರುವ 6 ಅಂಕಿಯ ಕೋಡ್ ಕೊಟ್ಟು ಮತ್ತೆ ನೋಂದಾಯಿಸಿದರೆ ಕಳ್ಳ ಹೊರಬೀಳುತ್ತಾನೆ. ಅವನು ಪಿನ್ ಇಟ್ಟಿದ್ದರೆ ನಾವು ಒಳಹೋಗಲು 7 ದಿನ ಕಾಯಬೇಕಾಗುತ್ತದೆ, ಆದರೆ ಅಷ್ಟೂ ದಿನ ಅವನೂ ಹೊರಗೇ ಇರುತ್ತಾನೆ.

ಒಳಗೆ ಹೋದ ಮೇಲೆ ನಿಜವಾದ ಕೆಲಸ ಶುರು. ಯಾವ ಯಾವ ಸಾಧನಗಳಲ್ಲಿ ಖಾತೆ ತೆರೆದಿದೆ ಎಂದು ನೋಡಿ, ಪರಿಚಯವಿಲ್ಲದವನ್ನು ಹೊರಹಾಕಬೇಕು. ರಿಕವರಿ ನಂಬರ್ ಮತ್ತು ಮೇಲ್ ನಮ್ಮದೇ ಎಂದು ಖಚಿತಪಡಿಸಿಕೊಳ್ಳಬೇಕು. ಫಾರ್ವರ್ಡಿಂಗ್ ಮತ್ತು ಫಿಲ್ಟರ್‌ಗಳನ್ನು ಒಂದೊಂದಾಗಿ ಪರಿಶೀಲಿಸಬೇಕು, ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಅವು ಅಳಿಯುವುದಿಲ್ಲ. ಖಾತೆಗೆ ಪ್ರವೇಶ ಪಡೆದಿರುವ ಬೇರೆ ಆ್ಯಪ್‌ಗಳಲ್ಲಿ ಬೇಡದ್ದನ್ನು ತೆಗೆಯಬೇಕು. ಅದೇ ಪಾಸ್‌ವರ್ಡ್ ಬೇರೆಡೆ ಬಳಸಿದ್ದರೆ ಅಲ್ಲೂ ಬದಲಿಸಬೇಕು. ಕೊನೆಗೆ ಎರಡು ಹಂತದ ದೃಢೀಕರಣ ಹಾಕಿ, ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಅಂಕಪಟ್ಟಿಗಳ ಜೊತೆ ಇಟ್ಟುಕೊಳ್ಳಬೇಕು.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಪ್ರಾಜೆಕ್ಟ್ ಹೊತ್ತಿಗೆ ಕೈಯಿಂದ ಕೈಗೆ ಹರಿದಾಡುವ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್‌ಗಳಲ್ಲಿ ಕಳ್ಳ ಪ್ರೋಗ್ರಾಂಗಳು ಅಡಗಿರುತ್ತವೆ. ಅವು ಬ್ರೌಸರ್‌ನಲ್ಲಿರುವ ಲಾಗಿನ್ ಕುಕಿಗಳನ್ನೇ ಕದಿಯುತ್ತವೆ. ಆಗ ಕಳ್ಳನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಅಂಥ ಲ್ಯಾಪ್‌ಟಾಪ್‌ನಲ್ಲೇ ಕುಳಿತು ಹೊಸ ಪಾಸ್‌ವರ್ಡ್ ಇಟ್ಟರೆ ಅದೂ ಅವನ ಪಾಲಾಗುತ್ತದೆ. ಮೊದಲು ಲ್ಯಾಪ್‌ಟಾಪ್ ಸ್ವಚ್ಛವಾಗಬೇಕು.

ಸಿಮ್ ವಿಷಯದಲ್ಲೂ ನಮ್ಮ ತಲೆಮಾರು ಉದಾಸೀನ. ಆಫರ್ ಬಂತೆಂದು ಹೊಸ ಸಿಮ್, ರೀಚಾರ್ಜ್ ದುಬಾರಿಯೆಂದು ಹಳೆಯದಕ್ಕೆ ವಿದಾಯ. ಆದರೆ ಪಿಯುಸಿಯಲ್ಲಿ ತೆರೆದ ಮೇಲ್‌ಗೆ ಇನ್ನೂ ಆ ಹಳೆಯ ನಂಬರೇ ಕೀಲಿಕೈ. ಸ್ಥಗಿತಗೊಂಡ ನಂಬರನ್ನು 90 ದಿನಗಳ ನಂತರ ಬೇರೊಬ್ಬರಿಗೆ ಕೊಡಬಹುದು ಎಂಬುದು ನಮ್ಮ ದೇಶದ ದೂರಸಂಪರ್ಕ ನಿಯಮ. ಆಮೇಲೆ ನಮ್ಮ ಒಟಿಪಿ ಹೋಗುವುದು ಯಾರದೋ ಜೇಬಿಗೆ. ಸಿಮ್ ಬಿಡುವ ಮೊದಲು ಎಲ್ಲ ಖಾತೆಗಳಲ್ಲೂ ನಂಬರ್ ಬದಲಿಸುವುದು ಒಂದು ಸಂಜೆಯ ಕೆಲಸ.

ಇಷ್ಟೆಲ್ಲ ತಿಳಿದವರೂ ಎಡವುವುದು ನಾಚಿಕೆಯಿಂದ. ‘ಬಿಇ ಓದ್ತೀಯ, ನಿನ್ನ ಅಕೌಂಟೇ ಹ್ಯಾಕ್ ಆಯ್ತಾ?’ ಎಂಬ ನಗೆಗೆ ಹೆದರಿ ಎಷ್ಟೋ ಮಂದಿ ಎರಡು ದಿನ ಬಾಯಿ ಬಿಡುವುದಿಲ್ಲ. ಆ ಎರಡು ದಿನಗಳಲ್ಲೇ ಅವರ ಹೆಸರಿನಲ್ಲಿ ಹಣ ಕೇಳಿಯಾಗಿರುತ್ತದೆ. ಗುಟ್ಟಾಗಿ ಪರಿಹಾರ ಹುಡುಕುವವರು ‘ಹಣ ಕೊಡಿ, ಅಕೌಂಟ್ ವಾಪಸ್ ಕೊಡಿಸುತ್ತೇವೆ’ ಎನ್ನುವ ಇನ್ನೊಬ್ಬ ವಂಚಕನ ಕೈಗೆ ಸಿಗುತ್ತಾರೆ. ಮನೆಗೆ ಕಳ್ಳ ನುಗ್ಗಿದರೆ ಮನೆಯವರನ್ನು ನೋಡಿ ನಗುತ್ತೇವೆಯೇ? ಗೆಳೆಯನ ಖಾತೆ ಹೋದರೆ ಮೊದಲು ಗ್ರೂಪ್‌ಗಳಲ್ಲಿ ಎಚ್ಚರಿಕೆ ಹಾಕಿ, ಅವನ ಮನೆಯವರಿಗೆ ಫೋನ್ ಮಾಡೋಣ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾದ ಅಪರಾಧ. ನಾಚಬೇಕಾದವನು ಅದನ್ನು ಮಾಡಿದವನು.

ಕಾಲೇಜುಗಳಲ್ಲೂ ಒಂದು ಕೋರಿಕೆ. ಮೊದಲ ವರ್ಷದ ಇಂಡಕ್ಷನ್ ಕಾರ್ಯಕ್ರಮದಲ್ಲಿ ಗಣ್ಯರ ಭಾಷಣಗಳಿಗೆ ದಿನಗಟ್ಟಲೆ ಸಮಯವಿರುತ್ತದೆ. ಅದರಲ್ಲಿ ಒಂದು ಗಂಟೆ ತೆಗೆದು, ಪ್ರತಿ ವಿದ್ಯಾರ್ಥಿಯೂ ತನ್ನದೇ ಫೋನಿನಲ್ಲಿ ಈ ಸೆಟ್ಟಿಂಗ್‌ಗಳನ್ನು ತೆರೆದು ಸರಿಪಡಿಸುವಂತೆ ಮಾಡಲಿ. ಬಿಎ, ಬಿಕಾಂ ತರಗತಿಗಳಿಗೂ ಇದು ಅಷ್ಟೇ ಬೇಕು, ಕೆಲಸದ ಅರ್ಜಿ ಎಲ್ಲರೂ ಹಾಕುವುದು ಮೇಲ್‌ನಿಂದಲೇ ತಾನೆ?

ಕಾಲೇಜು ಮಾಡುವವರೆಗೆ ಕಾಯಬೇಕಿಲ್ಲ. ಈ ಭಾನುವಾರ ಅರ್ಧ ಗಂಟೆ ನಿಮ್ಮ ಖಾತೆಗೆ ಕೊಡಿ. ಸಮಯ ಉಳಿದರೆ ಅಮ್ಮನ ಫೋನನ್ನೂ ಒಮ್ಮೆ ನೋಡಿ. ಅದರ ರಿಕವರಿ ನಂಬರ್ ಯಾವುದೆಂದು ಬಹುಶಃ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ.