ಬೆಳಕು ಹಿಂದೆ ಇರಲಿ, ಆದ್ರೆ ಎದುರು ಯಾರೋ ಒಬ್ರು ಇರಬೇಕಲ್ವಾ? (ಫೋನ್ ಫೋಟೋ ಸರಣಿ – 6)

ಮಲ್ಪೆ ಬೀಚಿನಲ್ಲಿ ಅಂಗೈ ಮೇಲೆ ಸೂರ್ಯನನ್ನು ಕೂರಿಸಿದ ಫೋಟೋ ಇನ್ನು ಸಾಕು ಮಾರಾಯ್ರೆ. ಎರಡು ಕೈ ಸೇರಿಸಿ ಹಾರ್ಟ್ ಮಾಡಿ ಅದರೊಳಗೆ ಸೂರ್ಯ, ಅದೂ ಸಾಕು. ಕಳೆದ ವಾರ ಸಿಲೂಯೆಟ್ ಬಗ್ಗೆ ಬರಿ ಅಂತ ತುಂಬ ಜನ ಮೆಸೇಜ್ ಮಾಡಿದ್ರಿ, ಅದಕ್ಕೆ ಬರೀತಿದ್ದೇನೆ. ಬೈಗುಳದಿಂದ ಶುರುವಾಯ್ತು, ಕ್ಷಮಿಸಿ.

ನನ್ನ ವಾದ ಇಷ್ಟೇ. ಸಿಲೂಯೆಟ್ ಅಂದ್ರೆ ಸೂರ್ಯಾಸ್ತದ ಫೋಟೋ ಅಲ್ಲ, ಆಕಾರದ ಫೋಟೋ. ನಿಮ್ಮ ಫೋಟೋದಲ್ಲಿ ನಿಂತವರನ್ನು ತೆಗೆದು ಇನ್ಯಾರನ್ನಾದರೂ ನಿಲ್ಲಿಸಿದರೂ ಏನೂ ವ್ಯತ್ಯಾಸ ಆಗೋದಿಲ್ಲ ಅಂತಾದ್ರೆ, ಅದು ಆಕಾಶದ ಫೋಟೋ, ಯಾರೋ ಅಡ್ಡ ಬಂದಿದ್ದಾರೆ ಅಷ್ಟೆ.

ಎರಡನೇ ಸ್ಲೈಡ್ ನೋಡಿ. ಅದು ನಮ್ಮ ಅಜ್ಜಿ, ಜಗಲಿಯ ಬಾಗಿಲಲ್ಲಿ. ಮುಖ ಕಾಣೋದಿಲ್ಲ, ಸೀರೆ ಬಣ್ಣ ಕಾಣೋದಿಲ್ಲ. ಒಂದು ಕೈ ಸೊಂಟದ ಮೇಲೆ, ಬೆನ್ನು ಸ್ವಲ್ಪ ಬಾಗಿದೆ, ಕುತ್ತಿಗೆ ಮಾತ್ರ ಗೇಟಿನ ಕಡೆ ಮುಂದಕ್ಕೆ. ಯಾರು ಬಂದ್ರು ಅಂತ ನೋಡುವ ಅಜ್ಜಿಯ ಭಂಗಿ ಅದು. ನಮ್ಮ ಮನೆಗೆ ಒಂದೇ ಸಲ ಬಂದ ಫ್ರೆಂಡ್ ಕೂಡ ಫೋಟೋ ನೋಡಿದ ಕೂಡಲೇ "ಓ, ನಿನ್ನ ಅಜ್ಜಿ" ಅಂದ. ನಾವು ಜನರನ್ನು ಗುರುತು ಹಿಡಿಯೋದು ಮುಖದಿಂದ ಮಾತ್ರ ಅಲ್ಲ, ನಿಲ್ಲುವ ರೀತಿಯಿಂದಲೂ ಹೌದು. ಯಕ್ಷಗಾನ ನೋಡುವವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ದೂರದಲ್ಲಿ ಕೂತರೂ, ತಲೆಯ ಮೇಲಿನ ಕಿರೀಟದ ಆಕಾರ ನೋಡಿದ್ರೆ ಸಾಕು, ಬಣ್ಣದ ವೇಷವಾ ಸ್ತ್ರೀ ವೇಷವಾ ಅಂತ ಗೊತ್ತಾಗ್ತದೆ.

ಹಾಗಾಗಿ ಫೋಟೋ ತೆಗೆಯುವಾಗ "ಜಿಗಿ, ಕೈ ಎತ್ತು" ಅನ್ನಬೇಡಿ. ಅವರು ಹೇಗೆ ನಿಲ್ತಾರೋ ಹಾಗೇ ಬಿಡಿ.

ನಮ್ಮ ಬಿಕಾಂನವರಿಗೆ ಒಂದು ವಿಷಯ. ಸಿಲೂಯೆಟ್ ಅನ್ನೋದು ಒಬ್ಬ ಹಣಕಾಸು ಮಂತ್ರಿಯ ಹೆಸರು! ಎತಿಯೆನ್ ದ ಸಿಲೂಯೆಟ್, 1759ರಲ್ಲಿ ಫ್ರಾನ್ಸಿನ ಖಜಾನೆ ನೋಡಿಕೊಳ್ತಿದ್ದವ. ಯುದ್ಧದ ಖರ್ಚಿನಲ್ಲಿ ಖಜಾನೆ ಖಾಲಿ, ಈತ ಶ್ರೀಮಂತರ ಮೇಲೆ ತೆರಿಗೆ ಹಾಕಲು ಹೊರಟ. ಬಾಗಿಲು, ಕಿಟಕಿಗೂ ತೆರಿಗೆ! ಎಂಟು ತಿಂಗಳಲ್ಲಿ ಕುರ್ಚಿ ಹೋಯ್ತು. ಆಮೇಲೆ ಕಡಿಮೆ ಖರ್ಚಿನಲ್ಲಿ ಆಗುವ ಎಲ್ಲದಕ್ಕೂ ಜನ ತಮಾಷೆಗೆ ಅವನ ಹೆಸರು ಹಚ್ಚಿದ್ರು, ಕಪ್ಪು ಕಾಗದ ಕತ್ತರಿಸಿ ಮಾಡುವ ಅಗ್ಗದ ಭಾವಚಿತ್ರಕ್ಕೆ ಅದು ಅಂಟಿಕೊಂಡಿತು ಅಂತ ಕಥೆ. ದುಬಾರಿ ಕ್ಯಾಮೆರಾ ಬೇಡ ಅನ್ನುವ ಕಲೆಗೆ ಸರಿಯಾದ ಹೆಸರೇ.

ಬೇಕಾಗಿರೋದು ಒಂದೇ: ಹಿಂದಿನ ಬೆಳಕು ಮುಂದಿನದಕ್ಕಿಂತ ತುಂಬ ಜಾಸ್ತಿ ಇರಬೇಕು. ಸಂಜೆಯೇ ಆಗಬೇಕಂತಿಲ್ಲ. ಜುಲೈ ಮಳೆಯಲ್ಲಿ ನಮ್ಮ ಕಡೆ ಸೂರ್ಯಾಸ್ತವೇ ಕಾಣೋದಿಲ್ಲ, ಆದ್ರೆ ಬಸ್ ಸ್ಟ್ಯಾಂಡಿನ ಮಾಡಿನ ಕೆಳಗೆ ಕೊಡೆ ಹಿಡಿದು ನಿಂತವರ ಹಿಂದೆ ಬೆಳ್ಳಗಿನ ಮೋಡ ಉಂಟಲ್ಲ, ಅಷ್ಟು ಸಾಕು. ಮನೆಯೊಳಗಾದ್ರೆ ಟ್ಯೂಬ್‌ಲೈಟ್ ಆಫ್ ಮಾಡಿ, ಬಾಗಿಲಲ್ಲಿ ನಿಲ್ಲಿಸಿ.

ಫೋನ್ ಮಾತ್ರ ನಿಮಗೆ ಸಹಾಯ ಮಾಡ್ಲಿಕ್ಕೆ ಹೋಗಿ ಕೆಡಿಸ್ತದೆ. ಕತ್ತಲೆ ಕಂಡ್ರೆ ಅದಕ್ಕೆ ಸಮಾಧಾನ ಇಲ್ಲ, ಒಂದಷ್ಟು ಫ್ರೇಮ್ ಸೇರಿಸಿ ನೆರಳನ್ನೆಲ್ಲ ಬೆಳಗಿಸಿಬಿಡ್ತದೆ. ಎಚ್‌ಡಿಆರ್ ಆಫ್ ಮಾಡ್ಲಿಕ್ಕೆ ಆದ್ರೆ ಮಾಡಿ. ಇಲ್ಲಾಂದ್ರೆ ಆಕಾಶದ ಮೇಲೆ ಒತ್ತಿ ಹಿಡಿದು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೀರಿ, ಆಕಾರ ಕಪ್ಪಾಗುವ ತನಕ. ಆಮೇಲೆ ಅಂಚು ನೋಡಿ. ಕೈ ದೇಹಕ್ಕೆ ಅಂಟಿದ್ರೆ ಕೈಯೇ ಇಲ್ಲ, ಇಬ್ಬರ ತಲೆ ಸೇರಿದ್ರೆ ಒಂದು ದೊಡ್ಡ ಕುಂಬಳಕಾಯಿ, ಹಿಂದೆ ತೆಂಗಿನ ಮರ ಇದ್ರೆ ತಲೆಯಿಂದಲೇ ಹುಟ್ಟಿದ ಹಾಗೆ. ಎರಡು ಹೆಜ್ಜೆ ಆಚೆ ಸರಿದ್ರೆ ಎಲ್ಲ ಸರಿಯಾಗ್ತದೆ.

ಈಗ ನಾಯಿ ವಿಷಯ. ನಾಯಿಯ ಸಿಲೂಯೆಟ್ ನಿಂತುಕೊಂಡು ತೆಗೆಯೋದು ದಂಡ. ನಿಮ್ಮ ಎತ್ತರದಿಂದ ನೋಡಿದ್ರೆ ಅದರ ಹಿಂದೆ ಇರೋದು ಮರಳು, ಆಕಾಶ ಅಲ್ಲ. ಕಪ್ಪಿನ ಮೇಲೆ ಕಪ್ಪು. ಮರಳಿನಲ್ಲಿ ಮಲಗಿ, ಫೋನನ್ನು ನೆಲಕ್ಕೆ ತಾಗಿಸಿ, ಆಗ ನಾಯಿ ಎದ್ದು ಆಕಾಶಕ್ಕೆ ಬರ್ತದೆ. ಬಟ್ಟೆ ಕೊಳೆಯಾಗ್ತದೆ, ಆಗಲಿ. ಎದುರಿನಿಂದ ತೆಗೆದ್ರೆ ಒಂದು ಉಂಡೆ, ಪಕ್ಕದಿಂದ ತೆಗೆದ್ರೆ ಮೂತಿ, ಕಿವಿ, ನಾಲ್ಕು ಕಾಲಿನ ನಡುವಿನ ಜಾಗ ಎಲ್ಲ ಸಿಗ್ತದೆ. ನನ್ನ ಕೇಳಿದ್ರೆ ಇದಕ್ಕೆ ನಮ್ಮ ಬೀದಿ ನಾಯಿಗಳಷ್ಟು ಚಂದ ಯಾವ ಜಾತಿ ನಾಯಿಯೂ ಇಲ್ಲ. ನೆಟ್ಟಗಿನ ಕಿವಿ, ಸಣ್ಣ ಸೊಂಟ, ಸುರುಳಿ ಬಾಲ, ಪೆನ್ನಿನಲ್ಲಿ ಬರೆದ ಹಾಗೆ. ಬೆಕ್ಕಾದ್ರೆ ಕಾಂಪೌಂಡ್ ಗೋಡೆ ಹತ್ತುವ ತನಕ ಕಾಯಿರಿ. ಬೆಳಕು ಸರಿಯಾಗಿ ಹಿಂದೆ ಬಿದ್ರೆ ಮೀಸೆಯೊಂದೇ ತಂತಿಯ ಹಾಗೆ ಹೊಳೀತದೆ. ಅದು ಪಕ್ಕಾ ಸಿಲೂಯೆಟ್ ಅಲ್ಲ ಅಂತ ಯಾರಾದ್ರೂ ಕಾಮೆಂಟ್ ಹಾಕ್ತೀರಿ, ಗೊತ್ತು. ಹಾಕಿ.

ನಾಲ್ಕನೇ ಸ್ಲೈಡಿನಲ್ಲಿರೋದು ನಮ್ಮ ಕರಿಯ ಮತ್ತು ಪಕ್ಕದ ಮನೆಯ ಬಿಳಿ ನಾಯಿ. ಮಾಮೂಲಿ ಫೋಟೋದಲ್ಲಿ ಕರಿಯ ಅಂದ್ರೆ ಎರಡು ಕಣ್ಣು ಮಾತ್ರ. ಇಲ್ಲಿ ಯಾರು ಕರಿ ಯಾರು ಬಿಳಿ ಹೇಳಿ ನೋಡುವ.

ಇದನ್ನು ಬರೆಯುವಾಗಲೇ ಒಂದು ಮಾತು ಹೇಳ್ಬೇಕು. ನಮ್ಮ ಕ್ಲಾಸಿನಲ್ಲಿ ಗ್ರೂಪ್ ಫೋಟೋ ಅಂದ ಕೂಡಲೇ ಹಿಂದೆ ಸರಿಯುವವರು ಇದ್ದಾರೆ. ಫಿಲ್ಟರ್ ಹಾಕಿ ಬೆಳ್ಳಗೆ ಮಾಡದೆ ಹಾಕಬೇಡ ಅನ್ನುವವರೂ ಇದ್ದಾರೆ. ಅಂಥ ಒಬ್ಬಳಿಗೆ ಯಾರೋ "ನೀನು ಸಿಲೂಯೆಟ್‌ನಲ್ಲಿ ಸೂಪರ್ ಕಾಣ್ತೀಯ" ಅಂದ್ರು, ಎಲ್ಲರೂ ನಕ್ಕರು. ಅವಳೂ ನಕ್ಕಳು. ನನಗೆ ನಗು ಬರಲಿಲ್ಲ. ಬಣ್ಣ ಮುಚ್ಚಿಡ್ಲಿಕ್ಕೆ ಸಿಲೂಯೆಟ್ ಇರೋದಲ್ಲ. ಅವಳು ಬ್ಯಾಗನ್ನು ಒಂದೇ ಭುಜಕ್ಕೆ ಹಾಕಿ, ತಲೆ ಓರೆ ಮಾಡಿ ನಗುವ ರೀತಿ ಉಂಟಲ್ಲ, ಅದಕ್ಕಾಗಿ ತೆಗೆಯಿರಿ. ಮತ್ತೆ ಅದೇ ದಿನ ಬೆಳಕು ಮುಖದ ಮೇಲೆ ಬೀಳುವ ಹಾಗೆ ನಿಲ್ಲಿಸಿ ಇನ್ನೊಂದು ತೆಗೆಯಿರಿ, ಫಿಲ್ಟರ್ ಇಲ್ಲದೆ. ಎರಡನ್ನೂ ಅವಳಿಗೆ ಕಳಿಸಿ, ಯಾವುದನ್ನು ಹಾಕಬೇಕು ಅಂತ ಅವಳೇ ಹೇಳಲಿ.

ಮುಖ ಕಾಣದಿದ್ರೂ ಕೇಳಿಯೇ ಹಾಕಿ. ಊರಿನವರು ಆಕಾರದಲ್ಲೇ ಗುರುತು ಹಿಡೀತಾರೆ. ಅಜ್ಜಿ ಫೋಟೋಗೂ ಕೇಳಿದ್ದೇನೆ. "ಅದ್ರಲ್ಲಿ ನಾನೆಲ್ಲಿದ್ದೇನೆ?" ಅಂತ ಫೋನು ಕಣ್ಣ ಹತ್ತಿರ ಹಿಡಿದು ನೋಡಿ, "ಸೊಂಟ ಹೀಗಾ ಬಾಗಿದೆ ನಂದು?" ಅಂತ ಕೇಳಿ, ಆಮೇಲೆ ಹಾಕು ಅಂದ್ರು.