ಪದ ಪರಿಚಯ: ಗಲೋರ್

ಬೇಕಾದಷ್ಟು, ಹೇರಳ, ಧಾರಾಳ ಎನ್ನಲು ಇಂಗ್ಲಿಷಿನಲ್ಲಿರುವ ಒಂದು ವಿಶೇಷಣ ‘ಗಲೋರ್’. ಇದು ಮೂಲತಃ ಇಂಗ್ಲಿಷ್ ಪದವಲ್ಲ. ಐರಿಷ್ ಭಾಷೆಯ ‘ಗೊ ಲ್ಯೋರ್’ ಎಂಬ ಎರಡು ಪದಗಳು 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದು ಒಂದಾದವು. ಐರಿಷ್‌ನಲ್ಲಿ ಅದಕ್ಕೆ ‘ಸಾಕಾಗುವಷ್ಟು’ ಎಂಬ ಅರ್ಥವೂ ಉಂಟು, ‘ಬಹಳ’ ಎಂಬ ಅರ್ಥವೂ ಉಂಟು. ನಮ್ಮ ‘ಸಾಕಷ್ಟು’ ಕೂಡ ಹೀಗೆಯೇ ಅಲ್ಲವೇ? ‘ಜಾತ್ರೆಗೆ ಸಾಕಷ್ಟು ಜನ ಸೇರಿದ್ದರು’ ಎಂದರೆ ತುಂಬಾ ಜನ ಎಂದೇ ಅರ್ಥ.

ಬಳಸುವಾಗ ಒಂದು ಎಚ್ಚರ ಬೇಕು. ಇಂಗ್ಲಿಷಿನಲ್ಲಿ ವಿಶೇಷಣ ಸಾಮಾನ್ಯವಾಗಿ ನಾಮಪದಕ್ಕಿಂತ ಮೊದಲು ಬರುತ್ತದೆ. ಗಲೋರ್ ಆದರೋ ನಾಮಪದದ ನಂತರವೇ ಬರಬೇಕು. ‘ಮ್ಯಾಂಗೋಸ್ ಗಲೋರ್’ ಸರಿ, ‘ಗಲೋರ್ ಮ್ಯಾಂಗೋಸ್’ ತಪ್ಪು. ಮಾತುಕತೆಗೆ, ಜಾಹೀರಾತಿಗೆ ಇದು ಚೆಂದ. ಪರೀಕ್ಷೆಯ ಪ್ರಬಂಧಕ್ಕೆ ‘ಪ್ಲೆಂಟಿಫುಲ್’ ಅಥವಾ ‘ಅಬಂಡಂಟ್’ ಹೆಚ್ಚು ಒಪ್ಪುತ್ತದೆ.