ಬಿತ್ತಿದವರ ಪಾಲು

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ 1859ರಲ್ಲಿ ಲಿಖಿತ ನಿಯಮಗಳನ್ನು ಪಡೆದ ಫುಟ್‌ಬಾಲ್ ಆಟವೊಂದುಂಟು. ಅದರ ಚೆಂಡೂ ಅಂಡಾಕಾರ, ಬಯಲೂ ಅಂಡಾಕಾರ. ಚೆಂಡನ್ನು ಒದೆಯಬಹುದು, ಮುಷ್ಟಿಯಿಂದ ಹೊಡೆದು ಸಂಗಾತಿಗೆ ದಾಟಿಸಬಹುದು, ಎಸೆಯುವಂತಿಲ್ಲ. ಇದು ಪುರುಷರ ಆಟವೆಂಬುದೇ ಬಹುಕಾಲದ ರೂಢಿ. ಆದರೂ 1915ರಲ್ಲಿ ಪರ್ತ್ ನಗರದ ದೊಡ್ಡ ಅಂಗಡಿಯೊಂದರ ಮಹಿಳಾ ನೌಕರರು ಇದನ್ನು ಆಡಿದ್ದರು. 1981ರಲ್ಲಿ ವಿಕ್ಟೋರಿಯಾ ರಾಜ್ಯದಲ್ಲಿ ಕೇವಲ ನಾಲ್ಕು ತಂಡಗಳಿಂದ ಮಹಿಳಾ ಲೀಗ್ ಆರಂಭವಾಯಿತು. 1990ರಲ್ಲಿ ಮೆಲ್ಬರ್ನಿನ ಉತ್ತರ ಭಾಗದಲ್ಲಿ ಡ್ಯಾರೆಬಿನ್ ಫಾಲ್ಕನ್ಸ್ ಎಂಬ ಸಮುದಾಯದ ಕ್ಲಬ್ಬು ಹುಟ್ಟಿತು.

ಅಂದಿನ ಸ್ಥಿತಿಯನ್ನು ತಿಳಿಯಲು ಒಂದು ಪ್ರಸಂಗವೇ ಸಾಕು. ಹನ್ನೆರಡು ವರ್ಷ ಮೀರಿದ ಹುಡುಗಿಯರು ಹುಡುಗರೊಡನೆ ಆಡಬಾರದೆಂಬ ನಿಯಮ ಆ ರಾಜ್ಯದಲ್ಲಿತ್ತು. ಮೂವರು ಹುಡುಗಿಯರು ಇದನ್ನು ನ್ಯಾಯಮಂಡಲಿಯ ಮುಂದೆ ಪ್ರಶ್ನಿಸಿದರು. 2004ರ ತೀರ್ಪು ಅವರಲ್ಲಿ ಕಿರಿಯಳಿಗೆ ಅವಕಾಶವಿತ್ತಿತು; ಹಿರಿಯರಿಬ್ಬರಿಗೆ ದೇಹಬಲದ ಅಂತರವನ್ನು ಹೇಳಿ ನಿರಾಕರಿಸಿತು. ಅದೇ ವರ್ಷ ಹುಡುಗಿಯರಿಗಾಗಿಯೇ ಪ್ರತ್ಯೇಕ ಸ್ಪರ್ಧೆ ಏರ್ಪಟ್ಟಿತು. ಅಂದು ನಿರಾಕರಣೆಗೊಳಗಾದ ಪೆನ್ನಿ ಕ್ಯುಲಾ-ರೀಡ್ ಮುಂದೆ ಕಾಲಿಂಗ್‌ವುಡ್ ತಂಡದ ಪರವಾಗಿ ರಾಷ್ಟ್ರೀಯ ಲೀಗಿನಲ್ಲಿ ಆಡಿದರು. ಬಾಗಿಲನ್ನು ತೆರೆಯಿಸಲು ನ್ಯಾಯಮಂಡಲಿ ಬೇಕು, ನಿಜ. ಆದರೆ ಬಾಗಿಲಿನಾಚೆ ನಿಲ್ಲಲು ನೆಲೆಯೊಂದು ಬೇಕಷ್ಟೆ. ಆ ನೆಲೆಯನ್ನು ಕಾದಿಟ್ಟವು ಇಂತಹ ಕ್ಲಬ್ಬುಗಳೇ.

ಫಾಲ್ಕನ್ಸ್ ತಂಡ 2006ರಿಂದ 2017ರವರೆಗಿನ ಅವಧಿಯಲ್ಲಿ ಹತ್ತು ಬಾರಿ ರಾಜ್ಯ ಪ್ರಶಸ್ತಿಯನ್ನು ಗೆದ್ದಿತು. ಅಲ್ಲಿ ಬೆಳೆದ ಡೇಸಿ ಪಿಯರ್ಸ್, 2017ರಲ್ಲಿ ರಾಷ್ಟ್ರೀಯ ಮಹಿಳಾ ಲೀಗ್ ಆರಂಭವಾದಾಗ ಮೆಲ್ಬರ್ನ್ ತಂಡದ ನಾಯಕಿಯಾದರು. ಆ ವರ್ಷದ ಫೆಬ್ರವರಿ 3ರಂದು ನಡೆದ ಲೀಗಿನ ಮೊದಲ ಪಂದ್ಯಕ್ಕೆ 24,568 ಜನ ನೆರೆದು, ಮೈದಾನದ ಬಾಗಿಲುಗಳನ್ನೇ ಮುಚ್ಚಬೇಕಾಯಿತು.

ಸಂಭ್ರಮದ ಬೆನ್ನಿಗೇ ಸಂಕಟವೂ ಬಂದಿತು. 2018ರಲ್ಲಿ ಹಲವು ಶ್ರೀಮಂತ ಕ್ಲಬ್ಬುಗಳು ರಾಜ್ಯ ಲೀಗಿನಲ್ಲಿಯೂ ತಮ್ಮ ತಂಡಗಳನ್ನು ಇಳಿಸಿದವು. ನುರಿತ ಆಟಗಾರ್ತಿಯರು ಅತ್ತ ಸಾಗಿದರು. ಹತ್ತು ಪ್ರಶಸ್ತಿಗಳ ಫಾಲ್ಕನ್ಸ್ ತಂಡಕ್ಕೆ ಸಾಲುಸಾಲಾಗಿ ಸೋಲುಗಳು ಒದಗಿದವು.

ಸಮರ್ಥರು ದೊಡ್ಡ ಕ್ಷೇತ್ರವನ್ನರಸಿ ಹೋಗುವುದು ಸಹಜವಲ್ಲವೆ ಎಂದು ಕೆಲವರು ಕೇಳಬಹುದು. ಸಹಜವೇ ಸರಿ, ಹೋದವರಲ್ಲಿ ದೋಷವಿಲ್ಲ. ದೋಷವಿರುವುದು ಫಲವನ್ನು ಕೊಂಡು ಬೇರಿಗೆ ನೀರೆರೆಯದ ವ್ಯವಸ್ಥೆಯಲ್ಲಿ. ಪ್ರೇಕ್ಷಕರೂ ಹಣವೂ ಇಲ್ಲದಿದ್ದ ಕಾಲದಲ್ಲಿ ಆಟವನ್ನು ಉಳಿಸಿದವರಿಗೆ, ಪ್ರೇಕ್ಷಕರೂ ಹಣವೂ ಬಂದ ಕಾಲದಲ್ಲಿ ಪಾಲಿಲ್ಲವೆಂದರೆ ಅದು ಕೃತಜ್ಞತೆಯ ಮಾತಲ್ಲ. ಆಟಗಾರ್ತಿಯೊಬ್ಬಳನ್ನು ಕರೆದೊಯ್ಯುವ ಕ್ಲಬ್ಬು, ಆಕೆಯನ್ನು ಬೆಳೆಸಿದ ಕ್ಲಬ್ಬಿಗೆ ಧನವನ್ನೋ ತರಬೇತುದಾರರನ್ನೋ ಒದಗಿಸಬೇಕೆಂಬ ಕಟ್ಟುಪಾಡು ಇರತಕ್ಕದ್ದೆಂದು ನಮ್ಮ ಅಭಿಪ್ರಾಯ. ಇದು ದಾನವಲ್ಲ, ಋಣಸಂದಾಯ.

2022ರಿಂದ ರಾಷ್ಟ್ರೀಯ ಮಹಿಳಾ ಲೀಗಿನಲ್ಲಿ ಹದಿನೆಂಟು ತಂಡಗಳಿವೆ. ಅವುಗಳ ವೈಭವವನ್ನು ವರ್ಣಿಸುವವರು ಅನೇಕರು. ಆದರೆ ಆ ಕಥೆ 2017ರಲ್ಲಿ ಮೊದಲಾಗಲಿಲ್ಲ. ಮಕ್ಕಳನ್ನು ಬೆಳೆಸಿ ದೂರಕ್ಕೆ ಕಳುಹಿಸುವುದನ್ನೇ ವೃತ್ತಿಯಾಗಿಸಿಕೊಂಡ ಅಧ್ಯಾಪಕರಿಗೂ, ಬೆಳೆದು ಹೋದ ಮೇಲೂ ಮರಳಿ ನೋಡುವ ಹಳೆಯ ವಿದ್ಯಾರ್ಥಿಗಳಿಗೂ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.